ಹುಲ್ಲುಹಾಸು ತೋರಿಸಿದರು, ಖಾತೆ ಪುಸ್ತಕ ತೋರಿಸಲಿಲ್ಲ

ಸರಕು ಕೊಳ್ಳುವ ಮೊದಲು ಮುಟ್ಟಿ ನೋಡಬೇಕೆಂಬುದು ಸಂತೆಗೆ ಹೋಗುವ ಪ್ರತಿಯೊಬ್ಬನೂ ಬಲ್ಲ ಮಾತು. ಜೋಳ ಕೊಳ್ಳುವವನು ಬೊಗಸೆಯಲ್ಲಿ ಹಿಡಿದು ಊದಿ ನೋಡುತ್ತಾನೆ. ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ. ಕಾಲೇಜನ್ನೂ ಹೀಗೆಯೇ ನೋಡಿ ಆರಿಸಿಕೊಳ್ಳುವ ಪದ್ಧತಿ ಅಮೆರಿಕದಲ್ಲಿದೆ. ನಮ್ಮ ಊರುಗಳ ಕೆಲವು ಮಹನೀಯರು ಈಗ ಅದನ್ನೇ ತೋರಿಸಿ ನಮಗೆ ಬುದ್ಧಿ ಹೇಳಲು ಹೊರಟಿದ್ದಾರೆ. “ವಿದ್ಯೆಯನ್ನು ಸರಕಾರದ ಕೈಯಿಂದ ಬಿಡಿಸಿ ಪೈಪೋಟಿಗೆ ಬಿಡಿ; ಗಿರಾಕಿ ನೋಡಿ ಆರಿಸಿಕೊಳ್ಳುತ್ತಾನೆ; ಒಳ್ಳೆಯದು ಉಳಿಯುತ್ತದೆ, ಕಳಪೆಯದು ಮುಚ್ಚುತ್ತದೆ” ಎಂಬುದು ಅವರ ವಾದ. ಈ ವಾದವನ್ನು ಅವರು ತೋರಿಸುವ ದೇಶದಲ್ಲಿಯೇ ಪರೀಕ್ಷೆ ಮಾಡೋಣ.

ಅಲ್ಲಿ ನಡೆಯುವುದು ಹೀಗೆ. ಚಳಿಗಾಲಕ್ಕೆ ಮೊದಲೋ ನಡುವೆಯೋ ಹುಡುಗ ಹುಡುಗಿಯರು ಹತ್ತಾರು ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ. ಮಾರ್ಚ್ ಮುಗಿಯುವ ಹೊತ್ತಿಗೆ ಪ್ರವೇಶ ದೊರೆತ ಪತ್ರ ಬರುತ್ತದೆ. ಯಾವ ಕಾಲೇಜಿಗೆ ಸೇರುತ್ತೇವೆಂದು ಮುಂಗಡ ಕಟ್ಟಲು ಮೇ 1 ವಾಡಿಕೆಯ ಗಡುವು. ನಡುವಿನ ಏಪ್ರಿಲ್ ತಿಂಗಳು ಕಾಲೇಜುಗಳಿಗೆ ಜಾತ್ರೆಯ ತಿಂಗಳು. ಪ್ರವೇಶ ಪಡೆದ ಮಕ್ಕಳನ್ನು ತಂದೆತಾಯಿಗಳ ಸಮೇತ ಕರೆಯುತ್ತಾರೆ. ಹಳೆಯ ವಿದ್ಯಾರ್ಥಿಯೊಬ್ಬ ಹಿಂದು ಹಿಂದಕ್ಕೆ ನಡೆಯುತ್ತ ಕಟ್ಟಡಗಳ ಕಥೆ ಹೇಳುತ್ತಾನೆ. ರಾತ್ರಿ ವಿದ್ಯಾರ್ಥಿ ನಿಲಯದಲ್ಲಿ ಮಲಗಲು ಜಾಗ, ಬೆಳಿಗ್ಗೆ ಒಂದು ತರಗತಿಯಲ್ಲಿ ಕೂರಲು ಅವಕಾಶ, ಮಧ್ಯಾಹ್ನ ಭೋಜನಶಾಲೆಯಲ್ಲಿ ಊಟ.

ನಾವು ಅಲ್ಲಿಗೆ ಹೋಗಿ ಬಂದವರಲ್ಲ. ಆದರೆ ಹಳ್ಳಿಗಾಡಿನ ಸಣ್ಣ ಕಾಲೇಜುಗಳನ್ನು ನೋಡಿ ಬಂದ ಮಕ್ಕಳು ಬರೆದುಕೊಂಡದ್ದನ್ನು ಓದಿದರೆ ಎಲ್ಲರ ಮಾತೂ ಹೆಚ್ಚು ಕಡಿಮೆ ಒಂದೇ. ಸುತ್ತ ಮುಸುಕಿನ ಜೋಳದ ಹೊಲ, ಇಲ್ಲವೆ ಬೆಟ್ಟ. ಒಂದೇ ಬೀದಿಯ ಊರು. ಒಂದು ಕಾಫಿ ಅಂಗಡಿ, ಒಂದು ಪುಸ್ತಕದ ಅಂಗಡಿ. ರಾತ್ರಿ ನಕ್ಷತ್ರಗಳು ಕಾಣುತ್ತವೆ. ಎದುರು ಬಂದವರೆಲ್ಲ ನಗುತ್ತಾರೆ. ತರಗತಿಯಲ್ಲಿ ಹತ್ತು ಹನ್ನೆರಡು ಜನ. ಅಧ್ಯಾಪಕರಿಗೆ ಎಲ್ಲರ ಹೆಸರೂ ಗೊತ್ತು. ಕೊನೆಗೆ ಒಂದು ಅನುಮಾನ: ಊರು ಇಷ್ಟು ಸಣ್ಣದು, ನಾಲ್ಕು ವರ್ಷ ಬೇಸರವಾಗುವುದಿಲ್ಲವೆ?

ಈ ಮಕ್ಕಳನ್ನು ನಾವು ಹಾಸ್ಯ ಮಾಡುವುದಿಲ್ಲ. ಅವರು ಕಂಡದ್ದರಲ್ಲಿ ಮುಖ್ಯವಾದದ್ದು ನಿಜವೇ ಆಗಿದೆ. ಗುರುವಿಗೆ ಶಿಷ್ಯನ ಹೆಸರು ಗೊತ್ತಿರುವ ಕೊಠಡಿಯಲ್ಲಿ ಕೂತು ಕಲಿಯುವುದು ದೊಡ್ಡ ಭಾಗ್ಯ. ಹಾಜರಿ ಪುಸ್ತಕದಲ್ಲಿ ಬರಿಯ ಸಂಖ್ಯೆಯಾಗಿ ಓದಿ ಬಂದ ನಮ್ಮ ಮಕ್ಕಳಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಅಂಥ ಕೊಠಡಿ ಎಲ್ಲರಿಗೂ ಬೇಕೆಂಬುದೇ ನಮ್ಮ ಮಾತು. ನಮ್ಮ ತಕರಾರು ಅವರಿಗೆ ತೋರಿಸದೆ ಉಳಿದದ್ದರ ಮೇಲೆ.

ಆಷಾಢದ ರಿಯಾಯಿತಿ

ಮೊದಲನೆಯದು ಬೆಲೆ. ಇಂಥ ಖಾಸಗಿ ಕಾಲೇಜುಗಳಲ್ಲಿ ಹೆಸರಾದವುಗಳ ಪಟ್ಟಿ ಬೆಲೆ, ಊಟ ವಸತಿ ಸೇರಿ, ವರ್ಷಕ್ಕೆ 80,000 ಡಾಲರುಗಳನ್ನು ದಾಟಿದೆ. ಆದರೆ ಆ ಬೆಲೆಯನ್ನು ಪೂರ್ತಿ ಕೊಡುವವರು ಕೆಲವರೇ. ಅಲ್ಲಿಯ ಖಾಸಗಿ ಕಾಲೇಜುಗಳು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕದಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು ಕಡಿತ ಕೊಡುತ್ತವೆ. ಇದರ ಮರ್ಮವನ್ನು ನಮ್ಮ ಬಟ್ಟೆ ಅಂಗಡಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ನೂರು ರೂಪಾಯಿ ಸೀರೆಗೆ ಇನ್ನೂರರ ಚೀಟಿ ಅಂಟಿಸಿ ಆಷಾಢದಲ್ಲಿ ಅರ್ಧಕ್ಕರ್ಧ ರಿಯಾಯಿತಿ ಎಂದು ಫಲಕ ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಒಂದೇ ಬೆಂಚಿನ ಮೇಲೆ ಕೂತ ಇಬ್ಬರು ಎರಡು ಬೆಲೆ ಕೊಟ್ಟಿರುತ್ತಾರೆ. ಒಬ್ಬನದು ಇನ್ನೊಬ್ಬನಿಗೆ ಗೊತ್ತಿಲ್ಲ. ಆ ಕಡಿತವೂ ಸಾಲದೆ ಹೋದಾಗ ಉಳಿಯುವುದು ಸಾಲ. ಅಮೆರಿಕದ ವಿದ್ಯಾರ್ಥಿಗಳ ತಲೆಯ ಮೇಲಿರುವ ಸಾಲದ ಮೊತ್ತ ಒಂದೂವರೆ ಲಕ್ಷ ಕೋಟಿ ಡಾಲರುಗಳಿಗೂ ಮೇಲೆ. ಅದರಲ್ಲಿ ಒಂದು ಪಾಲನ್ನು ಮನ್ನಾ ಮಾಡಲು ಅಲ್ಲಿಯ ಸರಕಾರ ಮಾಡಿದ ಯೋಜನೆಯನ್ನು 2023ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ರದ್ದು ಮಾಡಿತು.

ಎರಡನೆಯದು, ಬೆಲೆಗಿಂತ ಮುಖ್ಯವಾದದ್ದು, ಕಾಲೇಜಿನ ಖಾತೆ ಪುಸ್ತಕ. ಹುಲ್ಲುಹಾಸನ್ನೂ ಗ್ರಂಥಾಲಯವನ್ನೂ ತೋರಿಸುವವರು ಅದನ್ನು ತೆರೆದು ತೋರಿಸುವುದಿಲ್ಲ. ತೋರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು.

ಗಡುವಿಗೆ ಎರಡು ದಿನ ಮೊದಲು

ನ್ಯೂಯಾರ್ಕ್ ರಾಜ್ಯದಲ್ಲಿ ಕಯೂಗಾ ಎಂಬ ಸರೋವರದ ದಡದಲ್ಲಿ ಅರೋರಾ ಎಂಬ ಹಳ್ಳಿ ಇದೆ. ಜನಸಂಖ್ಯೆ ಸಾವಿರವೂ ಇಲ್ಲ. 1868ರಲ್ಲಿ ಹೆನ್ರಿ ವೆಲ್ಸ್ ಅಲ್ಲೊಂದು ಹೆಣ್ಣುಮಕ್ಕಳ ಕಾಲೇಜು ಕಟ್ಟಿದ. ಅಮೆರಿಕನ್ ಎಕ್ಸ್‌ಪ್ರೆಸ್, ವೆಲ್ಸ್ ಫಾರ್ಗೊ ಕಂಪನಿಗಳನ್ನು ಸ್ಥಾಪಿಸಿದವರಲ್ಲಿ ಒಬ್ಬ ಈ ಧಣಿ. 2005ರಲ್ಲಿ ಗಂಡುಮಕ್ಕಳಿಗೂ ಪ್ರವೇಶ ಕೊಟ್ಟರು. 2024ರಲ್ಲಿ ಅಲ್ಲಿ ಸುಮಾರು 350 ವಿದ್ಯಾರ್ಥಿಗಳಿದ್ದರು. ಆ ವರ್ಷ ಏಪ್ರಿಲ್ 29ರಂದು ಆಡಳಿತ ಮಂಡಳಿ ಪ್ರಕಟಣೆ ಹೊರಡಿಸಿತು: ಹಣ ಸಾಲದು, ಈ ಅವಧಿ ಮುಗಿಯುತ್ತಲೇ ಕಾಲೇಜು ಮುಚ್ಚುತ್ತೇವೆ.

ತಾರೀಖನ್ನು ಓದುಗರು ಇನ್ನೊಮ್ಮೆ ನೋಡಬೇಕು. ಏಪ್ರಿಲ್ 29. ವಾಡಿಕೆಯ ಗಡುವಿಗೆ ಎರಡೇ ದಿನ ಬಾಕಿ. ಆ ವರ್ಷ ಸರಕಾರದ ನೆರವಿನ ಹೊಸ ಅರ್ಜಿ ನಮೂನೆ ತಡವಾಗಿ, ಅನೇಕ ಕುಟುಂಬಗಳಿಗೆ ನೆರವೆಷ್ಟೆಂಬ ಲೆಕ್ಕವೂ ಸರಿಯಾಗಿ ತಲುಪಿರಲಿಲ್ಲ; ಕೆಲವು ಕಾಲೇಜುಗಳು ಗಡುವನ್ನೇ ಮುಂದಕ್ಕೆ ಹಾಕಿದ್ದವು. ಅಂಥ ಹೊತ್ತಿನಲ್ಲಿ, ಪ್ರವೇಶಪತ್ರ ಕೈಯಲ್ಲಿದ್ದ ಮಕ್ಕಳಿಗೂ, ಮೂರು ವರ್ಷ ಓದಿ ಒಂದು ವರ್ಷ ಬಾಕಿ ಉಳಿದಿದ್ದವರಿಗೂ ಒಂದೇ ದಿನ ಬಾಗಿಲು ಮುಚ್ಚಿತು. ಬೇರೆ ಕಾಲೇಜಿಗೆ ವರ್ಗಾಯಿಸಲು ಏರ್ಪಾಡು ಮಾಡಿದ್ದೇವೆ ಎಂದರು. ಗಿರಣಿಯ ಕಾರ್ಮಿಕರಿಗೆ ಈ ಭಾಷೆ ಹೊಸದಲ್ಲ. ರಾತ್ರಿ ಪಾಳಿ ಮುಗಿಸಿ ಹೋದವನು ಬೆಳಿಗ್ಗೆ ಬಂದಾಗ ಗೇಟಿಗೆ ಬೀಗ, ಗೋಡೆಗೆ ನೋಟೀಸು. ನಷ್ಟ ಒಂದೇ ರಾತ್ರಿಯಲ್ಲಿ ಆಗುವುದಿಲ್ಲ. ಧಣಿಗೆ ವರ್ಷಗಳಿಂದ ಗೊತ್ತಿರುತ್ತದೆ. ದುಡಿಯುವವನಿಗೆ ಮಾತ್ರ ಕೊನೆಯ ದಿನ ತಿಳಿಯುತ್ತದೆ.

ಸಣ್ಣ ವ್ಯಾಪಾರಿಗಳು ಇನ್ನೊಂದು ವಿಷಯವನ್ನೂ ಯೋಚಿಸಬೇಕು. ಸಾವಿರ ಜನರಿಲ್ಲದ ಊರಿನಲ್ಲಿ ಕಾಲೇಜೇ ಗಿರಣಿ. ಅಡಿಗೆಯವರು, ತೋಟ ನೋಡುವವರು, ಗುಮಾಸ್ತರು ಎಲ್ಲರ ಸಂಬಳ ಅಲ್ಲಿಂದಲೇ. ಅಂಗಡಿಯವನ ವ್ಯಾಪಾರ, ಬಾಡಿಗೆ ಮನೆಯವನ ಬಾಡಿಗೆ ಅಲ್ಲಿಂದಲೇ. ಗಿರಣಿ ನಿಂತರೆ ಎದುರಿನ ಚಹಾದಂಗಡಿಯ ಉದ್ರಿ ವಸೂಲಾಗುವುದಿಲ್ಲ. ಕಾಲೇಜು ನಿಂತರೂ ಹಾಗೆಯೇ.

“ಕಳಪೆಯದು ಮುಚ್ಚಿತು” ಎನ್ನುವವರಿಗೆ

ಮಹನೀಯರು ಈಗ ಹೇಳಬಹುದು: ಅದೇ ಪೈಪೋಟಿಯ ಧರ್ಮ, ನಡೆಯದ ಅಂಗಡಿ ಮುಚ್ಚಬೇಕು. ನಾವು ಎರಡು ಮಾತು ಕೇಳುತ್ತೇವೆ. ಹರಿದ ಬಟ್ಟೆಯನ್ನು ಅಂಗಡಿಗೆ ವಾಪಸು ಕೊಡಬಹುದು. ಹತ್ತೊಂಬತ್ತನೆಯ ವಯಸ್ಸಿನ ಎರಡು ವರ್ಷಗಳನ್ನು ಯಾವ ಅಂಗಡಿಗೆ ವಾಪಸು ಕೊಡುವುದು? ಮತ್ತು ಮುಚ್ಚಿದವೆಲ್ಲ ಕಳಪೆಯವೆಂದು ಹೇಳಿದವರಾರು? ವರ್ಮಾಂಟಿನ ಮಾರ್ಲ್‌ಬರೊ ಕಾಲೇಜು 1946ರಲ್ಲಿ ಹುಟ್ಟಿದ್ದು ಬೆಟ್ಟದ ಮೇಲಿನ ಹಳೆಯ ಹೊಲಮನೆಯಲ್ಲಿ. ಮಹಾಯುದ್ಧದಿಂದ ಮರಳಿದ ಸೈನಿಕರು ಅಲ್ಲಿಯ ಕೊಟ್ಟಿಗೆಗಳನ್ನು ತಾವೇ ಕೈ ಹಚ್ಚಿ ಕಾಲೇಜು ಕಟ್ಟಡಗಳಾಗಿ ಮಾಡಿದರು. ಅದು 2020ರಲ್ಲಿ ಮುಚ್ಚಿತು. ಅದೇ ರಾಜ್ಯದ ಗ್ರೀನ್ ಮೌಂಟನ್ ಕಾಲೇಜು 2019ರಲ್ಲಿ, 1842ರಲ್ಲಿ ಸ್ಥಾಪನೆಯಾಗಿದ್ದ ಅಯೊವಾ ವೆಸ್ಲಿಯನ್ 2023ರಲ್ಲಿ ಮುಚ್ಚಿದವು. ಇವು ಮುಚ್ಚಿದ್ದು ಪಾಠ ಕೆಟ್ಟು ಅಲ್ಲ, ಗಲ್ಲಾ ಬರಿದಾಗಿ. ಗಿರಾಕಿಯ ಶುಲ್ಕವನ್ನೇ ನಂಬಿ ಬದುಕುವ ಕಾಲೇಜು ಗಿರಾಕಿ ಕಡಿಮೆಯಾದ ದಿನ ಸಾಯುತ್ತದೆ. ಮೂಲಧನ ಕೂಡಿಟ್ಟುಕೊಂಡ ಶ್ರೀಮಂತ ಕಾಲೇಜು, ಪಾಠ ಹೇಗಿದ್ದರೂ, ಉಳಿಯುತ್ತದೆ. ಇದನ್ನು ಗುಣದ ಪೈಪೋಟಿ ಎಂದು ಕರೆಯುವುದು ಮೋಸ.

ಮುಚ್ಚುವುದೇ ವಿಧಿಯೂ ಅಲ್ಲ. ವರ್ಜೀನಿಯಾದ ಹಳ್ಳಿಗಾಡಿನ ಸ್ವೀಟ್ ಬ್ರೈಯರ್ ಎಂಬ ಮಹಿಳಾ ಕಾಲೇಜನ್ನು ಮುಚ್ಚುವುದಾಗಿ ಅದರ ಮಂಡಳಿ 2015ರ ಮಾರ್ಚಿನಲ್ಲಿ ಸಾರಿತು. ಹಳೆಯ ವಿದ್ಯಾರ್ಥಿನಿಯರು ಅಳುತ್ತ ಕೂರಲಿಲ್ಲ. ಒಂದುಗೂಡಿದರು, ಕೋಟಿಗಟ್ಟಲೆ ಹಣ ಕೂಡಿಸಿದರು. ಆ ಪ್ರದೇಶದ ಸರಕಾರಿ ವಕೀಲರು ನ್ಯಾಯಾಲಯಕ್ಕೆ ಹೋದರು. ಜೂನ್ ತಿಂಗಳಲ್ಲಿ ರಾಜಿಯಾಗಿ ಹಳೆಯ ಮಂಡಳಿಯವರು ಇಳಿದರು, ಕಾಲೇಜು ಉಳಿಯಿತು. ಮಂಡಳಿ “ಸಾಧ್ಯವೇ ಇಲ್ಲ” ಎಂದದ್ದು ನಾಲ್ಕು ತಿಂಗಳೊಳಗೆ ಸಾಧ್ಯವಾಯಿತು. ಸಂಘಟನೆಯ ಬಲಕ್ಕೆ ಬೇರೆ ಸಾಕ್ಷಿ ಬೇಕೆ?

ಅಮೆರಿಕವನ್ನು ನೋಡುವುದಾದರೆ ಪೂರ್ತಿ ನೋಡಿ

ಅಮೆರಿಕವನ್ನು ನೋಡಿ ಎನ್ನುವವರು ಕೆಂಟಕಿಯ ಬೆರಿಯಾ ಕಾಲೇಜನ್ನು ಏಕೆ ತೋರಿಸುವುದಿಲ್ಲ? ಗುಲಾಮಗಿರಿಯ ವಿರುದ್ಧ ಹೋರಾಡಿದ ಪಾದ್ರಿ ಜಾನ್ ಫೀ 1855ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ. ಅಂತರ್ಯುದ್ಧ ಮುಗಿದ ಮೇಲೆ ಕರಿಯರೂ ಬಿಳಿಯರೂ ಹೆಣ್ಣೂ ಗಂಡೂ ಅಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕಲಿತರು. ಇದನ್ನು ಸಹಿಸದ ರಾಜ್ಯದ ಶಾಸನಸಭೆ 1904ರಲ್ಲಿ ಕರಿಯ ಬಿಳಿಯ ಮಕ್ಕಳು ಒಟ್ಟಿಗೆ ಓದಬಾರದೆಂದು ಕಾನೂನು ಮಾಡಿತು; 1908ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1950ರಲ್ಲಿ ಕಾನೂನು ಸಡಿಲವಾದ ಮೇಲೆಯೇ ಆ ಬೆಂಚು ಮತ್ತೆ ಒಂದಾಯಿತು. ಈ ಕಾಲೇಜಿನಲ್ಲಿ 1892ರಿಂದ ಬೋಧನಾ ಶುಲ್ಕವಿಲ್ಲ. ಸುಮಾರು 1,500 ವಿದ್ಯಾರ್ಥಿಗಳು, ಬಹುಪಾಲು ಬಡವರ ಮಕ್ಕಳು. ಪ್ರತಿಯೊಬ್ಬರೂ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಬೇಕು. ಪೊರಕೆ ಕಟ್ಟುತ್ತಾರೆ, ಮಗ್ಗದಲ್ಲಿ ನೇಯುತ್ತಾರೆ, ಮರಗೆಲಸ ಮಾಡುತ್ತಾರೆ, ಕಾಲೇಜಿನದೇ ಹೋಟೆಲಿನಲ್ಲಿ ಬಡಿಸುತ್ತಾರೆ; ಅದಕ್ಕೆ ಕೂಲಿ ಪಡೆಯುತ್ತಾರೆ. ನೋಡಲು ಬಂದ ಹುಡುಗನಿಗೆ ಅಲ್ಲಿ ಮೊದಲು ಕಾಣುವುದು ಓದುವ ಕೈಯಲ್ಲೇ ಇರುವ ಪೊರಕೆ.

ಬೆರಿಯಾವನ್ನು ಸ್ವರ್ಗವೆಂದು ನಾವು ಹೇಳುವುದಿಲ್ಲ. ಆ ಕೂಲಿ ದೊಡ್ಡದಲ್ಲ. ಶುಲ್ಕ ಬಿಟ್ಟುಕೊಡಲು ಅದಕ್ಕೆ ಶಕ್ತಿ ಬಂದಿರುವುದು ದಾನಿಗಳು ಕೊಟ್ಟ ನೂರು ಕೋಟಿ ಡಾಲರುಗಳಿಗೂ ಮೀರಿದ ನಿಧಿಯನ್ನು ಬಂಡವಾಳ ಪೇಟೆಯಲ್ಲಿ ತೊಡಗಿಸಿ. ಒಂದು ಕಾಲೇಜಿಗೆ ದಾನಿಗಳು ಸಿಕ್ಕಬಹುದು, ಸಾವಿರ ಕಾಲೇಜುಗಳಿಗೆ ಸಿಕ್ಕುವುದಿಲ್ಲ. ಸಾವಿರಕ್ಕೂ ಒದಗುವ ದಾನಿ ಒಂದೇ, ಅದು ಜನತೆಯ ಬೊಕ್ಕಸ. ಇದನ್ನೂ ಅಮೆರಿಕವೇ ಒಮ್ಮೆ ಮಾಡಿ ತೋರಿಸಿದೆ. 1944ರ ಸೈನಿಕರ ಪುನರ್ವಸತಿ ಕಾಯಿದೆಯ ಮೇರೆಗೆ ಯುದ್ಧದಿಂದ ಮರಳಿದ ಸುಮಾರು 22 ಲಕ್ಷ ಜನರ ಕಾಲೇಜು ಶುಲ್ಕವನ್ನು ಸರಕಾರವೇ ಕಟ್ಟಿತು. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 1976ರವರೆಗೂ ತನ್ನ ಪದವಿ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ಪಡೆಯುತ್ತಿರಲಿಲ್ಲ. ಆಗ ಆ ದೇಶ ಮುಳುಗಲಿಲ್ಲ. ದುಡಿಯುವವರ ಮಕ್ಕಳು ಎಂಜಿನಿಯರುಗಳೂ ಉಪಾಧ್ಯಾಯರೂ ಆದರು.

ನಮ್ಮ ಮನೆಯ ಮಾತು

ಈ ಕಥೆ ನಮಗೇಕೆ ಎಂದು ಕೇಳುವವರಿಗೆ ಉತ್ತರ ಹತ್ತಿರದಲ್ಲೇ ಇದೆ. ಕ್ಯಾಪಿಟೇಷನ್ ಶುಲ್ಕವೆಂಬ ಲಂಚವನ್ನು ನಿಷೇಧಿಸಿ ಕರ್ನಾಟಕ 1984ರಲ್ಲಿಯೇ ಕಾಯಿದೆ ಮಾಡಿತು. 1992ರಲ್ಲಿ ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿದ್ಯೆ ಪ್ರಜೆಯ ಹಕ್ಕು, ಅದನ್ನು ಹೀಗೆ ಮಾರಬಾರದು ಎಂದಿತು. ಮರುವರ್ಷವೇ ಹೆಚ್ಚು ಶುಲ್ಕದ ಸೀಟುಗಳಿಗೆ ದಾರಿ ಬಿಟ್ಟಿತು. 2002ರ ಟಿ.ಎಂ.ಎ. ಪೈ ಮೊಕದ್ದಮೆಯ ತೀರ್ಪಿನಲ್ಲಿ, ಲಾಭಕೋರತನ ಕೂಡದೆಂದು ಹೇಳುತ್ತಲೇ, ಶುಲ್ಕ ಗೊತ್ತುಮಾಡುವ ಸ್ವಾತಂತ್ರ್ಯವನ್ನು ಖಾಸಗಿಯವರಿಗೆ ಕೊಟ್ಟಿತು. ಹೀಗೆ ಮುಂಬಾಗಿಲಿನಿಂದ ಹೊರಗೆ ಹೋದ ಮಾರುಕಟ್ಟೆ ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ಇತ್ತ ತಾಲ್ಲೂಕು ಸ್ಥಳಗಳ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷ ವರ್ಷದ ನೇಮಕದಲ್ಲಿ ಜೀವ ಸವೆಸುತ್ತಿದ್ದಾರೆ. ಅತಿಥಿಯೆಂದು ಕರೆದು ಹತ್ತು ವರ್ಷ ದುಡಿಸಿಕೊಳ್ಳುವ ಮನೆ ಪ್ರಪಂಚದಲ್ಲಿ ಬೇರೆ ಎಲ್ಲಿಯಾದರೂ ಇದೆಯೆ?

ಆದ್ದರಿಂದ ನಾವು ಒತ್ತಾಯಿಸುವುದು ಇಷ್ಟು:

1. ಶುಲ್ಕ ಪಡೆಯುವ ಪ್ರತಿಯೊಂದು ಖಾಸಗಿ ಕಾಲೇಜು ತನ್ನ ಆದಾಯ, ವೆಚ್ಚ, ಸಾಲ, ಅಧ್ಯಾಪಕರ ಸಂಖ್ಯೆ ಮತ್ತು ಸಂಬಳದ ಲೆಕ್ಕವನ್ನು ಪ್ರವೇಶದ ಮೊದಲು ಬಾಗಿಲಿನಲ್ಲಿ ಹಚ್ಚಬೇಕು.

2. ಒಮ್ಮೆ ಸೇರಿಸಿಕೊಂಡ ತಂಡದ ಓದು ಮುಗಿಯುವವರೆಗೆ ಕಾಲೇಜನ್ನು ಮುಚ್ಚಕೂಡದು. ಮಂಡಳಿ ಕೈಬಿಟ್ಟರೆ ಸರಕಾರ ವಹಿಸಿಕೊಳ್ಳಬೇಕು.

3. ತಾಲ್ಲೂಕಿನ ಸರಕಾರಿ ಕಾಲೇಜುಗಳ ಖಾಲಿ ಹುದ್ದೆಗಳನ್ನು ಖಾಯಂ ಅಧ್ಯಾಪಕರಿಂದ ತುಂಬಬೇಕು.

4. ಹಗಲು ದುಡಿಯುವ ಮಕ್ಕಳಿಗಾಗಿ ಪ್ರತಿ ಜಿಲ್ಲಾ ಸ್ಥಳದಲ್ಲಿ ಶುಲ್ಕವಿಲ್ಲದ ಸಂಜೆ ಕಾಲೇಜು ಬೇಕು.

ಮುಂದಿನ ಪ್ರವೇಶದ ಕಾಲದಲ್ಲಿ ಗಿರಣಿಯ ಕಾರ್ಮಿಕ ಬಂಧುಗಳು, ಅಂಗಡಿಯ ಮಿತ್ರರು ಮಗನನ್ನೋ ಮಗಳನ್ನೋ ಕರೆದುಕೊಂಡು ಕಾಲೇಜಿಗೆ ಹೋದಾಗ ಕಟ್ಟಡದ ಎತ್ತರ ನೋಡಿ ಕೈಮುಗಿದು ಹಿಂತಿರುಗಬಾರದು. ಎಷ್ಟು ಜನ ಖಾಯಂ ಮೇಷ್ಟರಿದ್ದಾರೆ, ಕಳೆದ ವರ್ಷ ಎಷ್ಟು ಜನ ಅರ್ಧಕ್ಕೆ ಬಿಟ್ಟರು, ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಒಬ್ಬರೇ ಹೋಗಿ ಕೇಳಿದರೆ ಜವಾನ ಹೊರಗೆ ಕಳಿಸುತ್ತಾನೆ. ಐವತ್ತು ಜನ ಸೇರಿ ಕೇಳಿದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಜೋಳವನ್ನು ಊದಿ ನೋಡಿ ಕೊಳ್ಳುವ ಜನ ನಾವು. ಮಕ್ಕಳ ವಿದ್ಯೆಯ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ಚೀಲ ಹೊತ್ತು ಬರುವುದು ಇನ್ನು ಸಾಕು.