ಹೌಸ್‌ಫುಲ್ ಬೋರ್ಡು ನಂಬಬೇಕಾ?

ಹಿಂದಿನ ವರ್ಷದ ಜಾತ್ರೆಯಲ್ಲಿ ನಾವು ಒಂದು ಸುದ್ದಿ ಬರೆದೆವು. ಆರೇ ಸಾಲು. ‘ನಾಟಕ ಕಂಪನಿಗೆ ಪ್ರೇಕ್ಷಕರ ಮಹಾಪೂರ: ಸತತ 25ನೇ ಪ್ರಯೋಗವೂ ಹೌಸ್‌ಫುಲ್’ ಎಂಬ ತಲೆಬರಹ. ಪೇಪರಿನಲ್ಲಿ ಬಂತು, ವಾಟ್ಸ್‌ಆ್ಯಪ್‌ನಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹರಿದಾಡಿತು. ನಾವೂ ಖುಷಿಪಟ್ಟೆವು.

ಎರಡು ವಾರದ ಮೇಲೆ ಗೊಳಸಂಗಿಯ ಚಹಾ ಅಂಗಡಿಯಲ್ಲಿ ಕುಳಿತಿದ್ದಾಗ ಆ ಕಂಪನಿ ಮಾಲಕರ ಫೋನ್ ಬಂತು. ಧನ್ಯವಾದ ಹೇಳಲಿಕ್ಕೆ ಇರಬೇಕು ಅಂದುಕೊಂಡೆವು.

“ಸರ, ಹೌಸ್‌ಫುಲ್ ಅಂತ ಬರದ್ರಿ, ಛಲೋ ಆತು. ಆದ್ರ ಜಾಗದ ಬಾಡಿಗಿ ಸ್ವಲ್ಪ ಕಡಿಮಿ ಮಾಡ್ರಿ ಅಂತ ಕಮಿಟಿಯವರ ಹತ್ರ ಹೋದ್ರ ನಿಮ್ಮ ಪೇಪರ್ ಕಟಿಂಗ ತೋರಿಸಿದ್ರು. ದಿನಾ ಹೌಸ್‌ಫುಲ್ ನಡದೈತಿ, ಕಡಿಮಿ ಯಾಕ ಮಾಡಬೇಕು ಅಂದ್ರು. ನಾ ಏನ್ ಹೇಳ್ಲಿ?”

“ಮತ್ತ ನೀವ ಬೋರ್ಡ್ ಹಾಕಿದ್ರಲ್ರಿ ಮಾಲಕ್ರ?”

“ಬೋರ್ಡ್ ಹಾಕೂದು ಜನ ಬರ್ಲಿ ಅಂತ ಸರ. ಜನ ಬಂದಾರ ಅಂತ ಅಲ್ಲ.”

ನಮ್ಮ ಬಳಿ ಉತ್ತರ ಇರಲಿಲ್ಲ. ಯಾವ ಜಾತ್ರೆ, ಯಾವ ಕಂಪನಿ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಮುಂದೆ ಅವರಿಗೆ ಜಾಗ ಸಿಗುವುದು ಕಷ್ಟವಾದೀತು. ಆದರೆ ತಪ್ಪು ನಮ್ಮದು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆ ರಾತ್ರಿ ನಾವು ಟೆಂಟಿನ ಬಾಗಿಲಲ್ಲಿ ಬೋರ್ಡು ನೋಡಿದೆವು, ಫೋಟೊ ತೆಗೆದೆವು, ಹೊರಟೆವು. ಒಳಗೆ ಹೋಗಿ ಕುರ್ಚಿ ಎಣಿಸಲಿಲ್ಲ.

ಅದೇ ಚಹಾ ಅಂಗಡಿಯಲ್ಲಿ, ಕೂಡಗಿ ಸ್ಥಾವರದಲ್ಲಿ ಗುತ್ತಿಗೆ ಕೆಲಸ ಮಾಡುವ ಹುಡುಗನೊಬ್ಬ ಫೋನಿನಲ್ಲಿ ವಿಡಿಯೊ ನೋಡುತ್ತಿದ್ದ. ಸ್ಟೇಡಿಯಂ ತುಂಬ ಕೆಂಪು ಅಂಗಿಯ ಜನ. “ಅಣ್ಣಾ, ಅಮೆರಿಕಾದಾಗ ಒಂದು ಕಾಲೇಜ್ ಟೀಮ್ ಐತಂತ. ಅರವತ್ತು ವರ್ಷದಿಂದ ಒಂದ ಟಿಕೆಟ್ಟೂ ಉಳದಿಲ್ಲಂತ. ಖರೇ ಇರತೈತೇನು?” ಎಂದು ಕೇಳಿದ.

ಮಾಲಕರ ಮಾತು ಇನ್ನೂ ಕಿವಿಯಲ್ಲಿತ್ತು. ಅದಕ್ಕೇ ಆ ಪ್ರಶ್ನೆಯ ಬೆನ್ನು ಹತ್ತಿದೆವು.

ಗೋಂಜಾಳದ ನಾಡಿನ ಲೆಕ್ಕ

ಆ ತಂಡ ನೆಬ್ರಾಸ್ಕಾ ವಿಶ್ವವಿದ್ಯಾಲಯದ್ದು. ಹೆಸರಿಗೆ ಫುಟ್‌ಬಾಲ್, ಆದರೆ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಅಮೆರಿಕದ ಆಟ. ನೆಬ್ರಾಸ್ಕಾ ನಮ್ಮ ಹಾಗೇ ಒಕ್ಕಲುತನದ ನಾಡು. ಗೋಂಜಾಳ ಮತ್ತು ದನ ಅಲ್ಲಿಯ ಬದುಕು. ತಂಡದ ಹೆಸರು ‘ಕಾರ್ನ್‌ಹಸ್ಕರ್ಸ್’, ಅಂದರೆ ಗೋಂಜಾಳದ ತೆನೆ ಸುಲಿಯುವವರು. ಇಡೀ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ. ನಮ್ಮ ವಿಜಯಪುರ ಜಿಲ್ಲೆಯಲ್ಲೇ 2011ರ ಜನಗಣತಿಯ ಪ್ರಕಾರ 21 ಲಕ್ಷ 77 ಸಾವಿರ ಜನರಿದ್ದರು.

ಅಷ್ಟು ಸಣ್ಣ ರಾಜ್ಯದಲ್ಲಿ 1962ರ ನವೆಂಬರ್ 3ರಿಂದ ತಂಡದ ತವರಿನ ಪ್ರತಿ ಪಂದ್ಯದ ಟಿಕೆಟ್ಟೂ ಪೂರಾ ಮಾರಾಟವಾಗಿದೆ ಎಂದು ಲೆಕ್ಕ. ಶುರುವಾದಾಗ ಸ್ಟೇಡಿಯಂ ಹಿಡಿಯುತ್ತಿದ್ದುದು 36 ಸಾವಿರದಷ್ಟು ಜನರನ್ನು. ಆಮೇಲೆ ಅದನ್ನು ಬೆಳೆಸುತ್ತ 85 ಸಾವಿರದ ಮೇಲಕ್ಕೆ ಒಯ್ದರು. 2024ರಲ್ಲಿ ಸತತ ಹೌಸ್‌ಫುಲ್ ಪಂದ್ಯಗಳ ಸಂಖ್ಯೆ 400 ಮುಟ್ಟಿತು.

ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಒಳಗೆ ಹೊಕ್ಕು ನೋಡಿದರೆ ಲೆಕ್ಕ ಅಷ್ಟು ಸರಳವಿಲ್ಲ.

2021ರಲ್ಲಿ ಎರಡು ಪಂದ್ಯಗಳ ಟಿಕೆಟ್ ಉಳಿದುಬಿಟ್ಟವು. ದಾಖಲೆ ಮುರಿಯಬಾರದೆಂದು ಕೆಲವು ದಾನಿಗಳು ಎರಡು ಸಾವಿರಕ್ಕೂ ಹೆಚ್ಚು ಟಿಕೆಟ್ ಕೊಂಡು, ಅನುಕೂಲ ಇಲ್ಲದ ಮನೆಗಳ ಮಕ್ಕಳಿಗೆ ಸಿಗುವಂತೆ ಮಾಡಿದರು. ದಾಖಲೆ ಉಳಿಯಿತು. ಅದರ ಹಿಂದಿನ ವರ್ಷ ಕೊರೊನಾ ಕಾರಣಕ್ಕೆ ಟಿಕೆಟ್ಟೇ ಮಾರಿರಲಿಲ್ಲ. ಮಾರಾಟಕ್ಕೇ ಇಡದ ಮೇಲೆ ಮುರಿಯುವ ಪ್ರಶ್ನೆ ಎಲ್ಲಿ ಎಂದು ಆ ವರ್ಷವನ್ನು ದಾಟಿ ಮುಂದೆ ಎಣಿಸಿದರು.

ಇನ್ನೊಂದು ಸಂಗತಿ. ಅಲ್ಲಿ ‘ಇಷ್ಟು ಜನ ಬಂದರು’ ಎಂದು ಘೋಷಿಸುವುದು ಬಹಳ ಕಡೆ ಮಾರಾಟವಾದ ಮತ್ತು ಹಂಚಿದ ಟಿಕೆಟ್ ಲೆಕ್ಕದ ಮೇಲೆ. ಗೇಟಿನಲ್ಲಿ ಮಷಿನ್ ಓದಿದ ಟಿಕೆಟ್ ಲೆಕ್ಕವೇ ಬೇರೆ. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2017ರ ಋತುವಿನ ಎರಡೂ ಲೆಕ್ಕಗಳನ್ನು ದೇಶದ ಹಲವು ಕಾಲೇಜುಗಳಿಂದ ತರಿಸಿ ಹೋಲಿಸಿತು. ಘೋಷಿಸಿದ ಪ್ರತಿ 100 ಜನರಿಗೆ ಗೇಟು ದಾಟಿದವರು ಸರಾಸರಿ 71. ಉಳಿದ 29 ಕುರ್ಚಿ ಕಾಗದದ ಮೇಲೆ ಮಾತ್ರ ತುಂಬಿದ್ದವು.

ಹಾಗಾದರೆ ಎಲ್ಲ ಸುಳ್ಳಾ?

ಅಲ್ಲ. ಇಲ್ಲಿ ಅವಸರಪಡಬಾರದು. 2017ರಿಂದ 2023ರವರೆಗೆ ಸತತ ಏಳು ವರ್ಷ ನೆಬ್ರಾಸ್ಕಾ ತಂಡಕ್ಕೆ ಗೆಲುವಿಗಿಂತ ಸೋಲೇ ಹೆಚ್ಚು. ಏಳು ವರ್ಷ ಸೋಲುವ ತಂಡವನ್ನು ನೋಡಲು ನೂರಾರು ಮೈಲಿ ಗಾಡಿ ಹೊಡೆದುಕೊಂಡು ಬರುವವನ ಪ್ರೀತಿಯನ್ನು ಸುಳ್ಳು ಎಂದರೆ ನಮ್ಮ ನಾಲಿಗೆಗೇ ಪಾಪ. ಉಳಿದ ಟಿಕೆಟ್ ಕೊಂಡು ಬಡ ಮಕ್ಕಳಿಗೆ ಆಟ ತೋರಿಸಿದವನೂ ಅಭಿಮಾನಿಯೇ.

ನಮ್ಮ ಮಾತು ಇಷ್ಟೇ. ದಾಖಲೆ ಹುಟ್ಟುವಾಗ ಜನರ ಆಸೆಯಿಂದಲೇ ಹುಟ್ಟುತ್ತದೆ. ಬೆಳೆದು ದೊಡ್ಡದಾದ ಮೇಲೆ ಅದಕ್ಕೇ ಒಂದು ಹೊಟ್ಟೆ ಬರುತ್ತದೆ. ಆಮೇಲೆ ಜನ ಆಟಕ್ಕಾಗಿ ಟಿಕೆಟ್ ಕೊಳ್ಳುವುದರ ಜೊತೆಗೆ, ದಾಖಲೆಯ ಹೊಟ್ಟೆ ತುಂಬಿಸಲಿಕ್ಕೂ ಯಾರೋ ಟಿಕೆಟ್ ಕೊಳ್ಳಬೇಕಾಗುತ್ತದೆ. ಎರಡೂ ಒಂದೇ ಅಂಕಿಯಲ್ಲಿ ಕೂತಿರುತ್ತವೆ. ಹೊರಗೆ ನಿಂತವರಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ಅದೇ ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯಕ್ಕೂ 273 ಪಂದ್ಯಗಳ ಇಂಥದೇ ದಾಖಲೆ ಇತ್ತು. 2019ರ ನವೆಂಬರ್‌ನಲ್ಲಿ ಅದು ಮುರಿಯಿತು. ಆಕಾಶವೇನೂ ಬೀಳಲಿಲ್ಲ. ಮುಂದಿನ ಪಂದ್ಯಗಳೂ ನಡೆದವು, ಜನರೂ ಬಂದರು.

ನಮ್ಮಲ್ಲಿ ಹೌಸ್ ತುಂಬುವ ಬಗೆ

ಈಗ ನಮ್ಮ ಕಡೆ ಬರೋಣ. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು. ಬನದ ಹುಣ್ಣಿಮೆ ಸುತ್ತ ಒಂದರ ಪಕ್ಕ ಒಂದು ನಾಟಕ ಕಂಪನಿಗಳ ಟೆಂಟು. ಮೈಕು ಕೂಗುವುದು ಒಂದೇ ಮಾತು, ‘ಇಂದೂ ಹೌಸ್‌ಫುಲ್’. ಕಂದಗಲ್ ಹನುಮಂತರಾಯರು, ಪಿ.ಬಿ. ಧುತ್ತರಗಿಯವರು ನಾಟಕ ಬರೆದ ಸೀಮೆ ಇದು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆಯಿತು. ಈ ನೆಲಕ್ಕೆ ನಾಟಕದ ಹುಚ್ಚು ಸುಳ್ಳಲ್ಲ.

ಆದರೆ ಎಲ್ಲ ಹೌಸ್‌ಫುಲ್ಲೂ ಒಂದೇ ಅಲ್ಲ.

ಒಂದು, ಸಹಾಯಾರ್ಥ ಪ್ರಯೋಗ. ಒಂದು ಸಂಘದವರು ಇಡೀ ಆಟವನ್ನು ಇಂತಿಷ್ಟು ರೂಪಾಯಿಗೆ ಹಿಡಿಯುತ್ತಾರೆ. ಟಿಕೆಟ್ ಪುಸ್ತಕ ಹಿಡಿದು ಅಡತಿ ಅಂಗಡಿ, ಕಿರಾಣಿ ಅಂಗಡಿ, ಗುತ್ತಿಗೆದಾರರ ಮನೆ ಸುತ್ತುತ್ತಾರೆ. ಅಂಗಡಿಯವರು ಮುಖ ನೋಡಿ ಹತ್ತು ಟಿಕೆಟ್ ಹರಿಸಿಕೊಂಡು ಗಲ್ಲಾದಲ್ಲಿ ಒಗೆಯುತ್ತಾರೆ. ಟಿಕೆಟ್ ಪೂರಾ ಖಾಲಿ, ಮುಂದಿನ ಸಾಲೂ ಖಾಲಿ.

ಎರಡು, ಪಾಸು. ಜಾಗ ಕೊಟ್ಟವರಿಗೆ, ಕರೆಂಟ್ ಕೊಟ್ಟವರಿಗೆ, ಮೆಂಬರುಗಳಿಗೆ ಪಾಸು. ನಮ್ಮಂಥ ಪೇಪರ್‌ನವರಿಗೂ ಪಾಸು, ಅದನ್ನೂ ಬರೆದುಕೊಳ್ಳಿ. ಕಲೆಕ್ಷನ್ ಪೆಟ್ಟಿಗೆಗೆ ಒಂದು ರೂಪಾಯಿ ಬೀಳದೆಯೂ ಹೌಸ್ ತುಂಬಬಹುದು.

ಮೂರು, ಸಿನಿಮಾದ ಶತದಿನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ 1972ರ ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿತು. ಅದು ಜನ ಓಡಿಸಿದ ಚಿತ್ರ. ಆದರೆ ಚಿತ್ರಮಂದಿರವನ್ನು ವಾರದ ಬಾಡಿಗೆಗೆ ಕೊಡುವ ಪದ್ಧತಿಯೂ ಇದೆ. ಬಾಡಿಗೆ ಕಟ್ಟುವವರೆಗೆ, ಒಳಗೆ ಹತ್ತೇ ಮಂದಿ ಇದ್ದರೂ ಪೋಸ್ಟರ್ ಇಳಿಯುವುದಿಲ್ಲ. ಹಾಗೆಯೂ ನೂರು ದಿನ ದಾಟಬಹುದು. ಎರಡೂ ಚಿತ್ರದ ಪೋಸ್ಟರಿನಲ್ಲಿ ‘ಶತದಿನೋತ್ಸವ’ ಎಂದೇ ಇರುತ್ತದೆ.

ಇದಕ್ಕೆ ಎದುರಾಗಿ, ಊರಿನ ಹುಡುಗರು ಪಟ್ಟಿ ಎತ್ತಿ ಆಡಿಸುವ ಜಾತ್ರೆಯ ನಾಟಕ ನೋಡಿ. ಟಿಕೆಟ್ಟೇ ಇಲ್ಲ. ಆಟ ಶುರುವಾಗುವುದು ರಾತ್ರಿ ಹತ್ತಕ್ಕೆ. ಆದರೆ ಸಂಜೆ ಆರಕ್ಕೇ ಹೆಣ್ಣುಮಕ್ಕಳು ತಟ್ಟು, ಚಾಪೆ ಹಾಸಿ ಜಾಗ ಹಿಡಿದಿರುತ್ತಾರೆ. ಸಣ್ಣ ಹುಡುಗನನ್ನು ಕಾವಲು ಕೂರಿಸಿ ರೊಟ್ಟಿ ಬಡಿಯಲು ಮನೆಗೆ ಹೋಗುತ್ತಾರೆ. ಜನರಿಗೆ ಬೇಕಾಗಿದೆ ಎಂಬುದಕ್ಕೆ ಆ ತಟ್ಟಿಗಿಂತ ದೊಡ್ಡ ಸಾಕ್ಷಿ ನಮಗೆ ಕಂಡಿಲ್ಲ. ಅದಕ್ಕೆ ಯಾರೂ ಬೋರ್ಡು ಹಾಕುವುದಿಲ್ಲ.

ಖಾಲಿ ಕುರ್ಚಿಯೂ ಮಾತಾಡುತ್ತದೆ

ಬೋರ್ಡು ಹಾಕಿಕೊಂಡರೆ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಮಾಲಕರ ಫೋನ್ ಬಂದ ಮೇಲೆ ಗೊತ್ತಾಯಿತು.

ಮರುದಿನ ರಾತ್ರಿ ನಾವು ಟಿಕೆಟ್ ಕೊಂಡು ಒಳಗೆ ಹೋದೆವು. ಸಾಲು ಸಾಲು ಎಣಿಸಿದೆವು. ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿ. ಬೆಳಿಗ್ಗೆ ಪಕ್ಕದ ಮೂರು ಹಳ್ಳಿಗಳಲ್ಲಿ, ಯಾಕ ಬರಲಿಲ್ರಿ ಎಂದು ಕೇಳುತ್ತ ಹೋದೆವು. ನಾಟಕ ಬೇಡ ಎಂದವರು ಕಡಿಮೆ. “ಎರಡನೇ ಆಟ ಬಿಡೂದ್ರಾಗ ರಾತ್ರಿ ಒಂದಾಗತೈತಿ. ಬಸ್ ಇಲ್ಲ. ಹೆಂಗ ಬರೂದು ತಮ್ಮಾ?” ಎಂದರು ಒಬ್ಬ ಆಯಿ. ಇನ್ನೊಬ್ಬರು, “ಪೇಪರ್‌ನ್ಯಾಗ ಹೌಸ್‌ಫುಲ್ ಅಂತ ಬಂದಿತ್ತಲ್ಲ, ಜಾಗಾ ಸಿಗಾಂಗಿಲ್ಲ ಅಂತ ಬರಲೇ ಇಲ್ಲ” ಎಂದರು.

ಕೇಳಿದಿರಲ್ಲ? ನಮ್ಮ ಸುದ್ದಿ ಬರುವವರನ್ನೂ ತಡೆದಿತ್ತು, ಬಾಡಿಗೆ ಇಳಿಯುವುದನ್ನೂ ತಡೆದಿತ್ತು. ಬಸ್ಸಿನ ಸಮಸ್ಯೆ ಎಂಬ ನಿಜವಾದ ಸುದ್ದಿ ಬೋರ್ಡಿನ ಹಿಂದೆ ಮುಚ್ಚಿಹೋಗಿತ್ತು.

ನಾಟಕ ಕಂಪನಿಯೆಂದರೆ ಮೂವತ್ತು ನಲವತ್ತು ಮಂದಿಯ ಹೊಟ್ಟೆ. ಕಲಾವಿದೆಯರು, ಪೆಟ್ಟಿಗೆಯವರು, ತಬಲಾದವರು, ಪರದೆ ಎಳೆಯುವವರು, ಅಡುಗೆಯವರು. ಕಂಪನಿ ಮುಳುಗುತ್ತಿರುವಾಗ ‘ಮಹಾಪೂರ’ ಎಂದು ಬರೆದರೆ ಕೈ ಹಿಡಿಯುವವರು ಯಾರು? ಮುಂದಿನ ವರ್ಷ ಟೆಂಟು ಬರದಿದ್ದಾಗ, “ಅಷ್ಟು ಛಲೋ ನಡದಿತ್ತು, ಯಾಕ ಬಂದಿಲ್ಲ?” ಎಂದು ಊರೇ ಕೇಳುತ್ತದೆ.

ಲೆಕ್ಕ ತಪ್ಪಿದರೆ ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. 2025ರ ಜೂನ್ 4ರಂದು, ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದ ಮರುದಿನ, ಸುಮಾರು 35 ಸಾವಿರ ಜನ ಹಿಡಿಯುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಅಲ್ಲಿ ಅಭಿಮಾನ ನೂರಕ್ಕೆ ನೂರು ಖರೆ. ಆದರೆ ಅದನ್ನು ಅಳೆಯಲು ಕುರ್ಚಿಯ ಲೆಕ್ಕವೂ ಸಾಲಲಿಲ್ಲ, ಪಾಸಿನ ಲೆಕ್ಕವೂ ಸಾಲಲಿಲ್ಲ. ಜನರನ್ನು ಎಣಿಸುವುದು ಜಂಬಕ್ಕಲ್ಲ. ಗೇಟು ಎಷ್ಟು, ನೀರು ಎಷ್ಟು, ಬಸ್ ಎಷ್ಟು ಎಂದು ಗೊತ್ತಾಗುವುದಕ್ಕೆ.

ಇನ್ನು ಮುಂದೆ

ನಮ್ಮ ಬಳಗದವರು ಕೂತು ಮಾತಾಡಿಕೊಂಡಿದ್ದೇವೆ. ಜಾತ್ರೆ ಇರಲಿ, ನಾಟಕ ಇರಲಿ, ಕಬಡ್ಡಿ, ಕುಸ್ತಿ, ರಾಜಕೀಯ ಸಮಾವೇಶ ಯಾವುದೇ ಇರಲಿ, ‘ಹೌಸ್‌ಫುಲ್’, ‘ಜನಸಾಗರ’ ಎಂದು ಬರೆಯುವ ಮೊದಲು ಮೂರು ಪ್ರಶ್ನೆ ಕೇಳುತ್ತೇವೆ.

ಎಷ್ಟು ಟಿಕೆಟ್ ಹೋದವು? ಅದರಲ್ಲಿ ದುಡ್ಡು ಕೊಟ್ಟು ಕೊಂಡವು ಎಷ್ಟು? ಬಂದು ಕೂತವರು ಎಷ್ಟು?

ಮೂರಕ್ಕೂ ಉತ್ತರ ಸಿಕ್ಕರೆ ಬರೆಯುತ್ತೇವೆ. ಸಿಗದಿದ್ದರೆ ಕಣ್ಣಿಗೆ ಕಂಡಷ್ಟನ್ನೇ ಬರೆಯುತ್ತೇವೆ. ಎಲ್ಲರಿಗೂ ಇದು ರುಚಿಸಲಿಕ್ಕಿಲ್ಲ. ಕೆಲವರು ಪಾಸು ಕೊಡುವುದನ್ನು ನಿಲ್ಲಿಸಬಹುದು. ನಿಲ್ಲಿಸಲಿ, ಟಿಕೆಟ್ ಕೊಂಡೇ ಹೋಗುತ್ತೇವೆ.

ವಿಜಯಪುರದ ಗೋಳಗುಮ್ಮಟದಲ್ಲಿ ಒಬ್ಬ ಒಂದು ಸಲ ಚಪ್ಪಾಳೆ ಹೊಡೆದರೆ ಏಳು ಸಲ ಕೇಳುತ್ತದೆ ಎಂದು ಶಾಲೆಯ ಟ್ರಿಪ್ಪಿನಲ್ಲಿ ನಾವೆಲ್ಲ ಹೊಡೆದು ನೋಡಿದವರೇ. ಕೇಳಿಸಿದ್ದು ಖರೆ. ಆದರೆ ಹೊಡೆದವನು ಒಬ್ಬನೇ. ವರದಿಗಾರ ಎಣಿಸಬೇಕಾದದ್ದು ಕೈಗಳನ್ನು.

ಆ ಕಂಪನಿಯ ಬಗ್ಗೆ ನಾವು ಎರಡನೇ ಸುದ್ದಿ ಬರೆದೆವು. ‘ಜಾಗ ಇದೆ, ಬನ್ನಿ’ ಎಂದು ಮೊದಲ ಸಾಲಿನಲ್ಲೇ ಹಾಕಿದೆವು. ಟಿಕೆಟ್ ದರ, ಆಟದ ಹೊತ್ತು, ಕೊನೆಯ ಬಸ್ಸಿನ ಹೊತ್ತು ಬರೆದೆವು. ಮರುದಿನವೇ ಜನ ನುಗ್ಗಿ ಬಂದರು ಎಂದು ಹೇಳಿದರೆ ಅದೂ ಇನ್ನೊಂದು ಹೌಸ್‌ಫುಲ್ ಸುಳ್ಳಾದೀತು. ಮೊದಲನೇ ಆಟಕ್ಕೆ ನಾಲ್ಕೈದು ಸಾಲು ಹೆಚ್ಚು ತುಂಬಿದವು. ಕಮಿಟಿಯವರು ಕೊನೆಯ ವಾರದ ಬಾಡಿಗೆಯಲ್ಲಿ ಸ್ವಲ್ಪ ಬಿಟ್ಟರು. ಅಷ್ಟೇ.

ಟೆಂಟು ಬಿಚ್ಚುವ ದಿನ ಮಾಲಕರು ಹೇಳಿದರು, “ಬರೂ ವರ್ಷ ಬರ್ತೀವಿ ಸರ. ಬೋರ್ಡ್ ಮಾತ್ರ ಹಾಕ್ತೀವಿ, ಅದನ್ನ ಬಿಡಾಕ ಆಗಾಂಗಿಲ್ಲ. ನೀವು ಒಳಗ ಬಂದು ನೋಡಿ ಬರೀರಿ.”

ಒಳಗೆ ಹೋಗಿಯೇ ಬರೆಯುತ್ತೇವೆ. ನೀವೂ ಬನ್ನಿ. ಬಂದು ಕೂತ ಮೇಲೆ ಒಮ್ಮೆ ಹಿಂದೆ ತಿರುಗಿ ಎಣಿಸಿರಿ.