ಟಿಪ್ಪುವಿನ ಹುಲಿ ಮತ್ತು ಎಂಟನೆಯ ತರಗತಿಯ ಒಂದು ಪ್ರಶ್ನೆ

ಸಿಂಧಘಟ್ಟದಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಎಂಟನೆಯ ತರಗತಿಗೆ ‘ಶಬ್ದ’ ಪಾಠ ಮಾಡುವ ಸರದಿ ನನ್ನದಾಗಿತ್ತು. ಗಾಳಿಯ ಕಂಪನವನ್ನು ವಿವರಿಸಲು ಕೊಳಲಿನ ಜೊತೆಗೆ ಟಿಪ್ಪುವಿನ ಹುಲಿಯ ಚಿತ್ರವನ್ನೂ ತೋರಿಸಿದೆ. ಯುರೋಪಿನವನೊಬ್ಬನ ಮೇಲೆ ಎರಗಿರುವ ಮರದ ಹುಲಿ ಅದು. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಕೊಳವೆಗಳಿಗೆ ಗಾಳಿ ಊದುತ್ತವೆ. ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ. ಮಕ್ಕಳು ಕಣ್ಣರಳಿಸಿದರು.

“ಈಗ ಎಲ್ಲದೆ ಸಾರ್?” ಎಂದಳು ಒಬ್ಬ ಹುಡುಗಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಎಂದೆ. “ಪಟ್ಣದ್ದನ್ನ ಅಲ್ಲ್ಯಾಕೆ ಮಡಗವ್ರೆ? ವಾಪಸ್ ಕೊಡಾಕಿಲ್ವಾ?”

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. “ಅದು ಸಮಾಜ ವಿಜ್ಞಾನದ ಪ್ರಶ್ನೆ” ಎಂದು ಹೇಳಿ ಬೋರ್ಡು ಒರೆಸಿದೆ. ಅದು ತಪ್ಪಾಯಿತು.

ನನ್ನ ಅಭಿಪ್ರಾಯ ಇಷ್ಟು: ಆ ಹುಲಿ ಹಿಂದಿರುಗಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಪತ್ತನ್ನು ಗೆದ್ದ ಸೈನ್ಯ ಹಂಚಿಕೊಂಡಿತು. ಸಿಂಹಾಸನವನ್ನೇ ಒಡೆದು ಪಾಲು ಮಾಡಿತು. ಹುಲಿಯನ್ನು ಯಾರೂ ಮಾರಲಿಲ್ಲ, ಉಡುಗೊರೆಯಾಗಿ ಕೊಡಲೂ ಇಲ್ಲ. ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ ನಿಜ. ಆದರೆ ವಸ್ತು ಯಾರದ್ದು ಎಂಬ ಪ್ರಶ್ನೆ ಬೇರೆ.

ಅಲ್ಲಿ ಸುರಕ್ಷಿತವಾಗಿದೆ ಎನ್ನುವವರಿದ್ದಾರೆ. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಚಾವಣಿ ಕುಸಿದು ಈ ಹುಲಿ ನೂರಾರು ಚೂರಾಗಿತ್ತು, ಮತ್ತೆ ಜೋಡಿಸಬೇಕಾಯಿತು. ಕಾನೂನು ಬಿಡುವುದಿಲ್ಲ ಎನ್ನುವುದು ಇನ್ನೊಂದು ವಾದ. ಬ್ರಿಟನ್ನಿನ 1983ರ ರಾಷ್ಟ್ರೀಯ ಪರಂಪರೆ ಕಾಯ್ದೆ ಆ ಮ್ಯೂಸಿಯಂನ ಕೈ ಕಟ್ಟಿರುವುದು ಹೌದು. ಆದರೆ ಕಾಯ್ದೆ ಮಾಡಿದ ಸಂಸತ್ತೇ ಅದನ್ನು ತಿದ್ದಬಹುದು. 2022ರಲ್ಲಿ ಗ್ಲಾಸ್ಗೋ ನಗರದ ಮ್ಯೂಸಿಯಂಗಳು 7 ವಸ್ತುಗಳನ್ನು ಭಾರತಕ್ಕೆ ಮರಳಿಸಲು ಒಪ್ಪಂದ ಮಾಡಿಕೊಂಡವು. ಮನಸ್ಸಿದ್ದರೆ ಮಾರ್ಗ.

ನನ್ನನ್ನು ನಿಜಕ್ಕೂ ಕಾಡುವುದು ಮೂರನೆಯ ವಾದ: ಇರುವುದನ್ನೇ ನಾವು ಕಾಪಾಡಿಕೊಂಡಿದ್ದೇವೆಯೇ? ಸಿಂಧಘಟ್ಟದಲ್ಲೇ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇಗುಲವಿದೆ. ಎರಡು ವಾರ ಅದೇ ಊರಿನಲ್ಲಿ ಪಾಠ ಮಾಡಿದ ನಾನು ಒಮ್ಮೆಯೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ನನ್ನ ಊರಿನ ಕೆರೆಯಲ್ಲಿ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನೋಡುತ್ತಲೇ ಬೆಳೆದವನು ನಾನು. ಇದರಿಂದ ಲಂಡನ್ನಿನ ಹಕ್ಕೇನೂ ಗಟ್ಟಿಯಾಗುವುದಿಲ್ಲ. ನಮ್ಮ ಕೇಳಿಕೆ ಮಾತ್ರ ಹಗುರವಾಗುತ್ತದೆ.

ಆದ್ದರಿಂದ ಸಹಪಾಠಿಗಳಲ್ಲಿ ಒಂದು ವಿನಂತಿ. ವಿಜ್ಞಾನದ ಪಾಠಯೋಜನೆಯಲ್ಲೂ ಇಂಥ ಪ್ರಶ್ನೆಗೆ ಐದು ನಿಮಿಷ ಬಿಡೋಣ. ತೀರ್ಪು ಹೇಳುವುದು ಬೇಡ. ಎರಡೂ ಕಡೆಯ ವಾದ ಹೇಳಿ ಮಕ್ಕಳನ್ನೇ ಮಾತನಾಡಿಸೋಣ. ಅಂಕ ಹಾಕುವ ಮಾರ್ಗದರ್ಶಕರು ಅದನ್ನು ವಿಷಯಾಂತರವೆಂದು ಎಣಿಸದಿರಲಿ. ಆ ಹುಡುಗಿಗೆ ನಾನು ಕೊಡಬೇಕಾದ ಉತ್ತರ ಇನ್ನೂ ಬಾಕಿಯಿದೆ.