ಸವೆದ ಅಚ್ಚುಮೊಳೆ ಮತ್ತು ಪಾಠನಿರ್ಣಯ

ಹಳೆಯ ಅಚ್ಚಿನಲ್ಲಿ ಸವೆದು ಮುಕ್ಕಾದಂತೆ ಕಾಣುವ ದಪ್ಪ ಅಕ್ಷರಗಳನ್ನು ಗಣಕಯಂತ್ರದಲ್ಲಿ ಬೇಕೆಂದೇ ರೂಪಿಸಿ ಮುಖಪುಟ, ಭಿತ್ತಿಪತ್ರಗಳಿಗೆ ಬಳಸುವುದು ಇಂದಿನ ಒಂದು ರೂಢಿ. ಇದಕ್ಕೆ ಮಾದರಿಯಾದದ್ದು ರೋಮನ್ ಲಿಪಿಯ ಸ್ಲ್ಯಾಬ್ ಸೆರಿಫ್ ಅಕ್ಷರ. 19ನೆಯ ಶತಮಾನದ ಎರಡನೆಯ ದಶಕದಲ್ಲಿ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಇಂತಹ ಮೊಳೆಗಳನ್ನು ಎರಕ ಹೊಯ್ಯಿಸಿದ. 1845ರ ಕ್ಲಾರೆಂಡನ್ ಅದೇ ಪರಂಪರೆಯದು. ಅಕ್ಷರದ ತುದಿಗೆ ಹಲಗೆಯಂತೆ ಕೂಡಿಕೊಂಡ ಅಡ್ಡಪಟ್ಟಿಯೇ ಅದರ ಲಕ್ಷಣ. ಆ ಪಟ್ಟಿಯ ಮೂಲೆ ಒಡೆದರೂ ಅಕ್ಷರ ಬೇರೊಂದಾಗುವುದಿಲ್ಲ.

ಕನ್ನಡದ ಸ್ಥಿತಿ ಹೀಗಿಲ್ಲ. ಇಲ್ಲಿ ಅಲಂಕಾರವೆಂದು ತೋರುವ ಸಣ್ಣ ಗೆರೆಯೇ ಅರ್ಥವನ್ನು ಹೊತ್ತಿದೆ. ದ-ಧ, ಪ-ಫ, ಡ-ಢಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಸೀಳು. ರ-ಠಗಳನ್ನು ಬೇರ್ಪಡಿಸುವುದು ಒಡಲೊಳಗಿನ ಒಂದು ಚುಕ್ಕೆ. ಸೀಸದ ಮೊಳೆ ಸವೆದರೆ ಸೀಳು ಮೂಡುವುದಿಲ್ಲ; ಮಸಿ ಹೆಚ್ಚಾದರೆ ಇಲ್ಲದ ಚುಕ್ಕೆ ಮೂಡುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಭಾಗದ ಸಾಹಿತ್ಯಾಧ್ಯಯನಕ್ಕೆ ಇದು ಕೇವಲ ವಿನ್ಯಾಸದ ಸಂಗತಿಯಲ್ಲ. 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶದಲ್ಲಿ ಆಡಳಿತದ ಭಾಷೆ ಉರ್ದುವಾಗಿತ್ತು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರಂತಹ ತತ್ತ್ವಪದಕಾರರ ರಚನೆಗಳು ಉಳಿದುಬಂದದ್ದು ಭಜನೆಯ ಬಾಯಿಯಲ್ಲಿ, ಕೈಬರಹದ ವಹಿಗಳಲ್ಲಿ, ಅಗ್ಗದ ಅಚ್ಚಿನ ಹೊತ್ತಗೆಗಳಲ್ಲಿ.

ಇಂತಹ ಹೊತ್ತಗೆಯಲ್ಲಿ ‘ಧರ್ಮ’ವು ‘ದರ್ಮ’ ಎಂದು ಕಂಡರೆ ಸಂಪಾದಕನು ಏನೆಂದು ತಿಳಿಯಬೇಕು? ಈ ಭಾಗದ ಆಡುಮಾತಿನಲ್ಲಿ ಮಹಾಪ್ರಾಣ ಅಲ್ಪಪ್ರಾಣವಾಗುವುದು ಸಹಜ. ಆದ್ದರಿಂದ ಅದನ್ನು ಪ್ರಾದೇಶಿಕ ಉಚ್ಚಾರಣೆಯೆಂದು ಒಪ್ಪುವ ಆತುರ ನಮಗಿದೆ. ಆದರೆ ಅದು ಮೊಳೆಯ ಸವೆತವೂ ಆಗಿರಬಹುದು. ಅದೇ ಮುದ್ರಣದ ಇನ್ನೊಂದು ಪ್ರತಿಯಲ್ಲಿ ಸೀಳಿನ ಕುರುಹು ಕಂಡರೆ ಅದು ಅಚ್ಚಿನ ದೋಷ. ಹೊತ್ತಗೆಯುದ್ದಕ್ಕೂ, ನಿಚ್ಚಳವಾಗಿ ಮೂಡಿದ ಕಡೆಗಳಲ್ಲಿಯೂ ‘ದ’ಕಾರವೇ ಇದ್ದರೆ ಅದು ಬಹುಮಟ್ಟಿಗೆ ಹಾಡುವವರ ಅಥವಾ ಬರೆದವರ ನುಡಿ. ಈ ವಿವೇಚನೆಯಿಲ್ಲದೆ ಕಟ್ಟಿದ ಉಪಭಾಷಾ ವಾದವು ಸವೆದ ಸೀಸದ ಮೇಲೆ ನಿಂತಿರುತ್ತದೆ.

ಪಠ್ಯವನ್ನು ಯೂನಿಕೋಡಿಗೆ ಇಳಿಸಿದೊಡನೆ ಈ ಸಾಕ್ಷ್ಯ ಅಳಿದುಹೋಗುತ್ತದೆ. ಅಲ್ಲಿ ‘ದ’ ಇರಬೇಕು, ಇಲ್ಲವೇ ‘ಧ’. ಅರೆಮೂಡಿದ ಅಕ್ಷರಕ್ಕೆ ಎಡೆಯಿಲ್ಲ. ಆದ್ದರಿಂದ ಬೆರಳಚ್ಚಿಗೆ ಮುನ್ನ ಪ್ರತಿಯೊಂದು ಪುಟದ ಛಾಯಾಚಿತ್ರ ತೆಗೆದು ಮೂಲಪ್ರತಿಯೊಡನೆ ಕಾಪಾಡುವುದು ಸಂಪಾದನೆಯ ಮೊದಲ ನಿಯಮವಾಗಬೇಕು. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಸ್ಥಾಪಿತವಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯವೂ ಹತ್ತಿರದಲ್ಲಿರುವಾಗ ಈ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ.

ಮುಖಪುಟಕ್ಕೆ ಮುಕ್ಕಾದ ಅಕ್ಷರ ಬೇಡವೆಂಬುದು ನನ್ನ ವಾದವಲ್ಲ. ವಿನ್ಯಾಸಕಾರರು ಗೆರೆಯ ದಪ್ಪವನ್ನು ಕೆರೆಯಲಿ, ಸೀಳನ್ನೂ ಚುಕ್ಕೆಯನ್ನೂ ಉಳಿಸಲಿ. ಆದರೆ ಕೃತಕವಾದ ಸವೆತವನ್ನು ಮೆಚ್ಚುತ್ತ, ನಿಜವಾಗಿ ಸವೆದ ಹೊತ್ತಗೆಗಳನ್ನು ರದ್ದಿಗೆ ಹಾಕುವುದನ್ನು ಸಂಶೋಧಕರಾದ ನಾವು ಒಪ್ಪಲಾಗದು.